ಹೊರದೇಶಕ್ಕೆ ಹೋಗಿ ಚರ್ಚು, ಕ್ಲಿನಿಕ್ಕು ಕಟ್ಟೋ ಮಿಷನ್ ಟ್ರಿಪ್: ಎರಡು ಸಲ ಹೋಗಿ ಬಂದವನ ರಿವ್ಯೂ

ಎರಡು ಸಲ ಹೋಗಿ ಬಂದಿದೀನಿ, ಎರಡು ಬೇರೆ ಬೇರೆ ಸಂಸ್ಥೆ ಜೊತೆ, ಅದಕ್ಕೇ ಎರಡನ್ನೂ ಪಕ್ಕಪಕ್ಕ ಇಟ್ಟು ಬರೀತಿದೀನಿ. ನಾನು ಸಿವಿಲ್ ಇಂಜಿನಿಯರು, ಆಫೀಸಿಗಿಂತ ಸೈಟಲ್ಲೇ ಜಾಸ್ತಿ ನಿಂತೋನು, ಭಾನುವಾರ ತಪ್ಪದೆ ಆರಾಧನೆಗೆ ಹೋಗೋನೂ ಹೌದು. ಅಂದ್ರೆ ಮಿಷನ್ ಅಂದ ತಕ್ಷಣ ಮೂಗು ಮುರಿಯೋ ಪೈಕಿ ಅಲ್ಲ, ಹಾಗಂತ "ದೇವರ ಕೆಲಸ" ಅಂದ್ಬಿಟ್ರೆ ಸಾಕು ಸಿಮೆಂಟು ನೀರಿನ ಲೆಕ್ಕ ಕೇಳಬಾರದು ಅನ್ನೋ ಪೈಕಿನೂ ಅಲ್ಲ. ಎರಡೂ ಸಂಸ್ಥೆ ಹೆಸರು ಹಾಕಲ್ಲ, ಯಾವ ದೇಶ ಅಂತಾನೂ ಹೇಳಲ್ಲ, ಹೇಳಿದ್ರೆ ಯಾವ ಸಂಸ್ಥೆ ಅಂತ ಗೊತ್ತಾಗ್ಬಿಡತ್ತೆ.

ಗೊತ್ತಿಲ್ದೋರಿಗೆ ಚಿಕ್ಕದಾಗಿ ಹೇಳ್ತೀನಿ. ಟಿಕೆಟ್ ನಿಮ್ಮದೇ, ಮೇಲೆ ಒಂದು ಫೀಸು, ಒಂದೋ ಎರಡೋ ವಾರ ಹೋಗಿ ಬಡವರಿಗೆ ಮನೆ, ಶಾಲೆ, ಕ್ಲಿನಿಕ್ಕು, ಇಲ್ಲಾ ಅಲ್ಲಿನ ಸಭೆಗೆ, ಅಂದ್ರೆ ಚರ್ಚಿನ ಜನಕ್ಕೆ, ಆರಾಧನೆಗೊಂದು ಹಾಲ್ ಕಟ್ಟೋಕೆ ಕೈಜೋಡಿಸೋದು. ಹೊಸ ವಿಚಾರ ಏನಲ್ಲ. ಮರನಾಥಾ ಅನ್ನೋ ಅಡ್ವೆಂಟಿಸ್ಟ್ (ಕ್ರೈಸ್ತರಲ್ಲೇ ಒಂದು ಪಂಗಡ) ಸ್ವಯಂಸೇವಕರ ಗುಂಪು 1969ರಿಂದ ಇದನ್ನೇ ಮಾಡ್ತಿದೆ, ಅವರದ್ದೊಂದು ಸ್ಟೀಲ್ ಫ್ರೇಮ್ ಚರ್ಚಿದೆ, ಫ್ರೇಮು ಛಾವಣಿ ಒಂದೇ ದಿನದಲ್ಲಿ ನಿಲ್ಲತ್ತೆ, ಗೋಡೆ ಏನಿದ್ರೂ ಅಲ್ಲಿನ ಸಭೆಯೋರೇ ತಮ್ಮ ಕೈಲಾದಾಗ ಕಟ್ಕೋತಾರೆ. ಹ್ಯಾಬಿಟ್ಯಾಟ್ ಫಾರ್ ಹ್ಯುಮಾನಿಟಿ ಅಂತೂ ಎಲ್ಲರಿಗೂ ಗೊತ್ತು, 1976ರಲ್ಲಿ ಶುರು ಆಗಿದ್ದು, ಅದಕ್ಕೂ ಮುಂಚೆ ಅದನ್ನ ಶುರು ಮಾಡಿದ ಫುಲ್ಲರ್ ದಂಪತಿ 1973ರಿಂದ ಮೂರು ವರ್ಷ ಆಗಿನ ಝೈರ್, ಅಂದ್ರೆ ಈಗಿನ ಕಾಂಗೋದಲ್ಲಿ ಮನೆ ಕಟ್ಟಿಸ್ತಾ ಇದ್ರು. ನಂಗೆ ಅದರಲ್ಲಿ ಇಷ್ಟ ಆಗೋದು ಅಂದ್ರೆ ಮನೆ ಬಿಟ್ಟಿ ಕೊಡಲ್ಲ, ಆ ಮನೆಯೋರೇ ಮೈಮುರಿದು ದುಡೀಬೇಕು, ಸಂಸ್ಥೆ ಲಾಭ ಇಟ್ಕೊಳ್ಳದೆ ಕೊಡೋ ಸಾಲನ ಕಂತಲ್ಲಿ ತೀರಿಸಬೇಕು, ಹಾಗಾಗಿ ಬೀಗದ ಕೈ ತಗೊಳ್ಳೋವಾಗ ಅವ್ರು ತಲೆ ತಗ್ಗಿಸಿ ನಿಲ್ಲಬೇಕಾಗಿಲ್ಲ.

ಈಗ ನನ್ನ ಮೊದಲನೇ ಟ್ರಿಪ್ಪಿಗೆ ಬರ್ತೀನಿ, ಬೈಗುಳ ಇರೋದು ಇಲ್ಲೇ.

ಎರಡು ವಾರ, ಹದಿನಾಲ್ಕು ಜನ, ಅದರಲ್ಲಿ ಕಟ್ಟಡದ ಕೆಲ್ಸ ಗೊತ್ತಿದ್ದೋರು ನಾನು ಮತ್ತೆ ಒಬ್ಬ ಎಲೆಕ್ಟ್ರಿಷಿಯನ್. ಮಿಕ್ಕೋರೆಲ್ಲಾ ಒಳ್ಳೆಯವ್ರೇ, ಪಾಪ, ಮೊದಲನೇ ದಿನ ಸಾಲಾಗಿ ನಿಂತು ಕೈಯಿಂದ ಕೈಗೆ ಬ್ಲಾಕ್ ದಾಟಿಸೋವಾಗ ಹಾಡ್ತಾ ಇದ್ರು, ಎರಡನೇ ದಿನ ಅರ್ಧ ಜನಕ್ಕೆ ಬೆನ್ನು ಹಿಡ್ಕೊಂಡಿತ್ತು. ಅದೆಲ್ಲಾ ಇರೋದೇ, ಅದಕ್ಕೆ ಸ್ಟಾರ್ ಕಟ್ ಮಾಡಲ್ಲ. ನಾನು ಸ್ಟಾರ್ ಕಟ್ ಮಾಡೋದು ಪ್ಲಾನಿಂಗಿಗೆ. ನಾವು ಕಟ್ತಿದ್ದ ಆರಾಧನೆ ಹಾಲ್‌ನ ಒಂದು ಭಾಗಕ್ಕೆ ಆರ್‌ಸಿಸಿ ಮೋಲ್ಡ್, ಅಂದ್ರೆ ಕಂಬಿ ಹಾಕಿದ ಕಾಂಕ್ರೀಟ್ ಛಾವಣಿ, ಹಾಕೋದಿತ್ತು, ಮುಂದೆ ಅದರ ಮೇಲೆ ಪಾಸ್ಟರ್‌ಗೆ ಮನೆ ಅಂತ. ಮೋಲ್ಡ್ ಯಾವಾಗ ಹಾಕಬೇಕು ಅಂತ ನಿರ್ಧಾರ ಮಾಡಿದ್ದು ಇಂಜಿನಿಯರೂ ಅಲ್ಲ, ಮೇಸ್ತ್ರಿನೂ ಅಲ್ಲ, ನಮ್ಮ ರಿಟರ್ನ್ ಟಿಕೆಟ್ಟು. ಹದಿನಾಲ್ಕನೇ ದಿನ ಪ್ರತಿಷ್ಠಾಪನೆ ಆರಾಧನೆ, ಫೋಟೋ, ಸಾಕ್ಷಿ ಹೇಳೋದು (ದೇವರು ನನ್ನ ಬದುಕಲ್ಲಿ ಏನು ಮಾಡಿದ ಅಂತ ಎಲ್ಲರ ಮುಂದೆ ಹೇಳೋದು) ಎಲ್ಲಾ ಫಿಕ್ಸ್ ಆಗಿತ್ತು, ಹಾಗಾಗಿ ಹನ್ನೊಂದನೇ ದಿನ ಕಾಂಕ್ರೀಟ್ ಹಾಕಿ ಹದಿಮೂರನೇ ದಿನ ಸೆಂಟ್ರಿಂಗ್ (ಕಾಂಕ್ರೀಟ್ ಹೊತ್ತಿರೋ ಹಲಗೆ, ಊರುಗೋಲು) ಬಿಚ್ಚಿ ಹದಿನಾಲ್ಕಕ್ಕೆ ಅದರ ಕೆಳಗೇ ಕುರ್ಚಿ ಹಾಕೋದು ಅಂತ ಪ್ಲಾನು!

ಕಾಂಕ್ರೀಟ್ ಒಣಗಿ ಗಟ್ಟಿ ಆಗತ್ತೆ ಅಂತ ಸುಮಾರು ಜನ ಅಂದ್ಕೊಂಡಿರ್ತಾರೆ, ಅದು ಉಲ್ಟಾ. ಸಿಮೆಂಟು ನೀರಿನ ಜೊತೆ ಸೇರಿ ಗಟ್ಟಿ ಆಗೋದು, ಒಣಗಿಬಿಟ್ರೆ ಅಲ್ಲಿಗೇ ನಿಂತೋಯ್ತು. ಕನಿಷ್ಠ ಏಳು ದಿನ ಒದ್ದೆ ಇಡಬೇಕು, ನಾವು ಲೆಕ್ಕಕ್ಕೆ ಹಿಡಿಯೋ ಪೂರ್ತಿ ಬಲ ಬರೋದು 28 ದಿನಕ್ಕೆ, ಸ್ಪ್ಯಾನ್ ದೊಡ್ಡದಿದ್ರೆ ಕೆಳಗಿನ ಊರುಗೋಲು ಎರಡು ವಾರ ಅಲ್ಲಾಡಿಸಬಾರದು. ಇದನ್ನ ಹೇಳಿದೆ. ಟೀಮ್ ಲೀಡರ್ "ಬ್ರದರ್, ನಂಬಿಕೆ ಇಡಿ" ಅಂದ್ರು. ನಂಬಿಕೆ ಇದೆ ಬ್ರದರ್, ಎರಡು ದಿನದ ಕಾಂಕ್ರೀಟ್ ಮೇಲಿಲ್ಲ ಅಷ್ಟೇ, ಅಂದೆ. ಸ್ವಲ್ಪ ಜಗಳಾನೇ ಆಯ್ತು, ಕೊನೆಗೆ ಅಲ್ಲಿನ ಮೇಸ್ತ್ರಿ ಮತ್ತೆ ಪಾಸ್ಟರ್ ಇಬ್ರೂ ನನ್ನ ಕಡೆ ನಿಂತ್ರು, ಪ್ರತಿಷ್ಠಾಪನೆ ಹೊರಗಡೆ ಮರದ ಕೆಳಗೆ ಆಯ್ತು. ಆಮೇಲೆ ಕ್ಯೂರಿಂಗ್, ಅಂದ್ರೆ ಕಾಂಕ್ರೀಟ್‌ನ ಒದ್ದೆ ಇಡೋ ವಿಷಯ. ನೀರು ಎಲ್ಲಿಂದ ಅಂತ ಯಾರೂ ಯೋಚನೆನೇ ಮಾಡಿರ್ಲಿಲ್ಲ, ಊರಿಗಿದ್ದಿದ್ದು ಒಂದೇ ಕೈಪಂಪು, ಹೆಂಗಸರು ಬೆಳಗಿನ ಜಾವ ಹೋಗಿ ಕ್ಯೂ ನಿಲ್ಲೋರು. ನಾವು ವಿಮಾನ ಹತ್ತಿದ ಮೇಲೆ ಮೋಲ್ಡ್ ಮೇಲೆ ಪಾತಿ ಕಟ್ಟಿ, ಗೋಣಿಚೀಲ ಹಾಸಿ, ವಾರಗಟ್ಲೆ ಕೊಡದಲ್ಲಿ ನೀರು ಹೊತ್ತಿದ್ದು ಅವರೇ. ಸಂಸ್ಥೆ ಆಮೇಲೆ ಹಾಕಿದ ವಿಡಿಯೋದಲ್ಲಿ ನಮ್ಮ ಹದಿನಾಲ್ಕು ಜನರ ಮುಖ ಇತ್ತು, ಒಂದು ಕೊಡ ಕೂಡ ಇರ್ಲಿಲ್ಲ.

"ಇಷ್ಟಕ್ಕೆಲ್ಲಾ ಯಾಕೆ ಗಲಾಟೆ, ಚಿಕ್ಕ ಬಿಲ್ಡಿಂಗ್ ತಾನೇ" ಅನ್ನೋರಿಗೆ ಹೈಟಿ ನೆನಪು ಮಾಡ್ತೀನಿ. 2010ರ ಜನವರಿ 12ಕ್ಕೆ ಅಲ್ಲಿ ಆದ ಭೂಕಂಪ 7.0 ತೀವ್ರತೆದು, ಸತ್ತೋರು ಲಕ್ಷದ ಲೆಕ್ಕದಲ್ಲಿ. ಅದೇ ವರ್ಷ ಫೆಬ್ರವರಿ 27ಕ್ಕೆ ಚಿಲಿಯಲ್ಲಿ 8.8 ಆಯ್ತು, ಹೈಟಿಗಿಂತ ನೂರಾರು ಪಟ್ಟು ಶಕ್ತಿ ಇದ್ದಿದ್ದು, ಸತ್ತೋರು ಐನೂರರ ಆಸುಪಾಸು. ಭೂಕಂಪದ ಆಳ, ಊರಿನ ದೂರ ಇವೆಲ್ಲಾ ಕಾರಣ ಇದೆ ನಿಜ, ಆದ್ರೆ ದೊಡ್ಡ ವ್ಯತ್ಯಾಸ ಕಟ್ಟಡದ ನಿಯಮದ್ದು, ಚಿಲಿಲಿ ಅದನ್ನ ಕಟ್ಟುನಿಟ್ಟಾಗಿ ಪಾಲಿಸ್ತಾರೆ, ಹೈಟಿಲಿ ಸಣ್ಣ ಕಂಬಿ, ಕಳಪೆ ಬ್ಲಾಕು, ಮೇಲೆ ಭಾರದ ಕಾಂಕ್ರೀಟ್ ಛಾವಣಿ. ಬಿದ್ದಿದ್ರಲ್ಲಿ ಚರ್ಚು, ಶಾಲೆ ಸುಮಾರಿದ್ವು, ಪೋರ್ಟ್-ಔ-ಪ್ರಿನ್ಸ್‌ನ ದೊಡ್ಡ ಕ್ಯಾಥೆಡ್ರಲ್ ಕೂಡ. ಕೆಲವು ಕಡೆ ಕಟ್ಟಡ ಭೂಕಂಪ ತಡ್ಕೊಳ್ಳೋಕೆ ದುಬಾರಿ ಟೆಕ್ನಾಲಜಿ ಏನೂ ಬೇಡ, ಪಾಯದ ಮೇಲೆ, ಲಿಂಟಲ್ ಮಟ್ಟದಲ್ಲಿ (ಬಾಗಿಲು ಕಿಟಕಿಯ ಮೇಲ್ಗಡೆ), ಛಾವಣಿ ಕೆಳಗೆ ಸುತ್ತಲೂ ಬಿಡದ ಹಾಗೆ ಕಾಂಕ್ರೀಟ್ ಬ್ಯಾಂಡು, ಕಂಬದ ಕಂಬಿಗಳನ್ನ ಸುತ್ತಿ ಹಿಡಿಯೋ ರಿಂಗುಗಳ ಕೊಕ್ಕೆ 90 ಡಿಗ್ರಿಗೆ ಬಿಡದೆ 135 ಡಿಗ್ರಿಗೆ ಒಳಗೆ ಬಗ್ಗಿಸೋದು, ಇಂಥವೇ. ಕೊಕ್ಕೆ ಬಗ್ಗಿಸೋಕೆ ಎಕ್ಸ್‌ಟ್ರಾ ಹಿಡಿಯೋದು ಒಂದು ಸೆಕೆಂಡು. ನಮ್ಮ ಸೈಟಲ್ಲಿ ಅದನ್ನ ನೋಡೋಕೂ ಯಾರೂ ಇರ್ಲಿಲ್ಲ, ನಾನು ಹೋಗೋ ಹೊತ್ತಿಗೆ ಕಂಬ ಎದ್ದಾಗಿತ್ತು. ಬೈಬಲಲ್ಲಿ ಬರೋ, ಬಂಡೆ ಮೇಲೆ ಮನೆ ಕಟ್ಟಿದವನ ಕಥೆ ಸಂಡೇ ಸ್ಕೂಲಲ್ಲಿ ಎಲ್ಲರೂ ಕಲಿತಿರ್ತೀವಿ, ಮಣ್ಣಿನ ಪರೀಕ್ಷೆ ಮಾತ್ರ ಮಾಡಿಸಲ್ಲ.

ದುಡ್ಡಿನ ವಿಷಯ. 1998ರ ಮಿಚ್ ಚಂಡಮಾರುತದ ಮೇಲೆ ಹೊಂಡುರಾಸ್‌ನಲ್ಲಿ ಉತ್ತರ ಅಮೆರಿಕದ ಚರ್ಚ್ ಟೀಮುಗಳು ಹೋಗಿ ಮನೆ ಕಟ್ಟಿದ್ವು, ಕರ್ಟ್ ವೆರ್ ಬೀಕ್ ಅನ್ನೋ ಸಮಾಜಶಾಸ್ತ್ರಜ್ಞ ಆಮೇಲೆ ಅದನ್ನ ಕೂತು ಅಧ್ಯಯನ ಮಾಡಿದ್ರು. ಒಂದು ಮನೆಗೆ ಬೀಳ್ತಿದ್ದ ಖರ್ಚು ಸುಮಾರು 2,000 ಡಾಲರ್, ಅದನ್ನ ಕಟ್ಟೋಕೆ ಬಂದ ಒಂದೊಂದು ಟೀಮು ಪ್ರಯಾಣ ಎಲ್ಲಾ ಸೇರಿ ಖರ್ಚು ಮಾಡ್ತಿದ್ದಿದ್ದು ಸುಮಾರು 30,000 ಡಾಲರ್. ಇನ್ನೊಂದು ಮಜಾ ಅಂದ್ರೆ ಮನೆ ಸಿಕ್ಕಿದೋರ ಬದುಕಲ್ಲಿ ಹೊರಗಿನ ಟೀಮು ಕಟ್ಟಿದ್ದಕ್ಕೂ ಅಲ್ಲಿನೋರೇ ಕಟ್ಟಿದ್ದಕ್ಕೂ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಕಾಣ್ಲಿಲ್ಲ. ಹೋಗಿ ಬಂದೋರು "ನನ್ನ ಜೀವನವೇ ಬದಲಾಯ್ತು" ಅಂದ್ರು, ಕಾಣಿಕೆ ಕೊಡೋದ್ರಲ್ಲಿ ಅಂಥ ಬದಲಾವಣೆ ಏನೂ ಕಾಣ್ಲಿಲ್ಲ. ಇದನ್ನ ಓದಿ ನಂಗೆ ಬೇಜಾರಾಗಿದ್ದು ಸುಳ್ಳಲ್ಲ, ಯಾಕಂದ್ರೆ ನಾನೂ ಮೊದಲ ಟ್ರಿಪ್ ಮುಗಿಸ್ಕೊಂಡು ಬಂದು ಸಭೆಯಲ್ಲಿ ನಿಂತು ಅದೇ ಥರ ಸಾಕ್ಷಿ ಹೇಳಿದ್ದೆ.

ಮೊದಲ ಸಂಸ್ಥೆಗೆ 5ಕ್ಕೆ 2. ಆ ಎರಡು ಕೂಡ ಅಲ್ಲಿನ ಮೇಸ್ತ್ರಿಗೆ.

ಎರಡನೇದು ಬೇರೆ ಥರದ್ದು, ಡಿಸೈನ್ ಟೀಮು. ಈ ಪದ್ಧತಿನ ಜನಕ್ಕೆ ಪರಿಚಯ ಮಾಡಿಸಿದ್ರಲ್ಲಿ ಇಂಜಿನಿಯರಿಂಗ್ ಮಿನಿಸ್ಟ್ರೀಸ್ ಇಂಟರ್‌ನ್ಯಾಷನಲ್ ಹೆಸರು ದೊಡ್ಡದು, 1982ರಲ್ಲಿ ಶುರುವಾದ ಸಂಸ್ಥೆ, ಉಗಾಂಡ, ಕಾಂಬೋಡಿಯಾ ಥರದ ಕಡೆ ಅವರದ್ದೇ ಆಫೀಸಿದೆ. ಆರ್ಕಿಟೆಕ್ಟು, ಸರ್ವೇಯರು, ಸಿವಿಲ್, ಎಲೆಕ್ಟ್ರಿಕಲ್ ಇಂಜಿನಿಯರುಗಳು ಸೇರಿ ಸೈಟಿಗೆ ಹೋಗಿ, ಅಳತೆ ತಗೊಂಡು, ಮಾಸ್ಟರ್ ಪ್ಲಾನು ಡ್ರಾಯಿಂಗು ಮಾಡ್ಕೊಡೋದು. ನಾನು ಹೋಗಿದ್ದು ಬೇರೆ ಸಂಸ್ಥೆ ಜೊತೆ, ಮಾಡೋ ರೀತಿ ಇದೇ. ಸಭೆಯೋರು ನಡೆಸೋ ಒಂದು ಚಿಕ್ಕ ಆಸ್ಪತ್ರೆಗೆ ಹೆರಿಗೆ ವಾರ್ಡು, ಕೈಕಾಲು ಸರಿಯಿಲ್ದೋರಿಗೆ ಥೆರಪಿ ರೂಮು ಬೇಕಿತ್ತು.

ಹೇಳಿಬಿಡ್ತೀನಿ, ಬೋರು. ಎರಡು ವಾರದಲ್ಲಿ ಒಂದು ಇಟ್ಟಿಗೆ ಮುಟ್ಟಿಲ್ಲ, ಕರಣೆ ಹಿಡಿದಿಲ್ಲ. ಗುಂಡಿ ತೋಡ್ಸಿ ಮಣ್ಣು ನೋಡೋದು, ಇನ್ನೊಂದು ಗುಂಡಿಗೆ ನೀರು ತುಂಬಿಸಿ ಎಷ್ಟು ಹೊತ್ತಿಗೆ ಇಂಗತ್ತೆ ಅಂತ ವಾಚ್ ಹಿಡ್ಕೊಂಡು ಕಾಯೋದು (ಇದನ್ನ ಮಾಡದೆ ಸೆಪ್ಟಿಕ್ ಟ್ಯಾಂಕಿನ ಇಂಗುಗುಂಡಿ ಕಟ್ಟಿದ್ರೆ ಮೊದಲ ಮಳೆಗೇ ಗೊತ್ತಾಗತ್ತೆ, ಮೂಗಿಗೆ), ಬಿಸಿಲಲ್ಲಿ ನೆಲದ ಏರುತಗ್ಗಿನ ಲೆವೆಲ್ ತಗೊಳ್ಳೋದು, ರಾತ್ರಿ ಕರೆಂಟ್ ಇದ್ದಷ್ಟು ಹೊತ್ತು ಲ್ಯಾಪ್‌ಟಾಪು. ಫೋಟೋ ಹಾಕೋಕೂ ಏನೂ ಇರ್ಲಿಲ್ಲ, ಮನೆಯೋರು "ಏನು ಕಟ್ಟಿದ್ರಿ" ಅಂದ್ರೆ ಗುಂಡಿ ಫೋಟೋ ತೋರಿಸಬೇಕಿತ್ತು.

ಆದ್ರೆ ನರ್ಸುಗಳ ಜೊತೆ ಕೂತಿದ್ದ ಒಂದು ಮಧ್ಯಾಹ್ನ ಇಡೀ ಟ್ರಿಪ್ಪಿಗೆ ಸಮ. ಆರ್ಕಿಟೆಕ್ಟ್ ಚೆಂದವಾಗಿ ಮೆಟ್ಟಿಲಿಟ್ಟು ವರಾಂಡ ಬಿಡಿಸಿದ್ರು, ಹಿರಿಯ ನರ್ಸಮ್ಮ ನೋಡಿ, ನೋವು ತಿಂತಿರೋಳನ್ನ ಇಬ್ಬರು ತೋಳು ಹಿಡ್ಕೊಂಡು ಕರ್ಕೊಂಡ್ ಬರ್ತಾರೆ, ಮೂರು ಜನ ಅಕ್ಕಪಕ್ಕ ಈ ಬಾಗಿಲಲ್ಲಿ ಹೆಂಗೆ ಹಿಡೀತಾರೆ ಅಂದ್ರು. ಅಷ್ಟೇ, ಮೆಟ್ಟಿಲು ಹೋಗಿ ರ‍್ಯಾಂಪು ಬಂತು, ಒಂದಡಿ ಏರೋಕೆ ಹನ್ನೆರಡು ಅಡಿ ಉದ್ದ ಅನ್ನೋ ಲೆಕ್ಕದಲ್ಲಿ, ಬಾಗಿಲು ಅಗಲ ಆಯ್ತು. ತೊಳೆಯೋ ಜಾಗ ಎಲ್ಲಿ, ಜೊತೆಗೆ ಬಂದೋರು ರಾತ್ರಿ ಎಲ್ಲಿ ಮಲಗ್ತಾರೆ, ಎಲ್ಲಿ ಅಡುಗೆ ಮಾಡ್ಕೋತಾರೆ, ಇದ್ಯಾವುದೂ ನಮ್ಮ ಲಿಸ್ಟಲ್ಲಿ ಇರ್ಲೇ ಇಲ್ಲ.

ಜಮೀನಿನ ಕಾಗದ ಯಾರ ಹೆಸರಲ್ಲಿದೆ ಅಂತ ಮೊದಲನೇ ದಿನವೇ ಕೇಳಿದ್ರು, ಅದು ನಂಗೆ ತುಂಬಾ ಹಿಡಿಸ್ತು. ಸಭೆ ಹೆಸರಲ್ಲಿ ಇಲ್ದೆ ಒಬ್ಬ ಪಾಸ್ಟರ್ ಹೆಸರಲ್ಲೋ ದಾನಿ ಹೆಸರಲ್ಲೋ ಇದ್ದು, ಅವರು ತೀರಿಹೋದ ಮೇಲೆ ಮಕ್ಕಳು ಬಂದು ಬೀಗ ಹಾಕಿದ್ರೆ ಬಿಲ್ಡಿಂಗ್ ಎಷ್ಟು ಗಟ್ಟಿ ಇದ್ದು ಏನು ಪ್ರಯೋಜನ. ಕಟ್ಟಡನ ಹಂತ ಹಂತವಾಗಿ ಮಾಡಿದ್ರು, ಮೊದಲ ಹಂತ ಮುಗಿದ್ರೆ ಅಷ್ಟರಲ್ಲೇ ಹೆರಿಗೆ ಶುರು ಮಾಡಬಹುದು, ಮಿಕ್ಕಿದ್ದಕ್ಕೆ ದುಡ್ಡು ಬರ್ದಿದ್ರೂ ಅರ್ಧ ಗೋಡೆ ಪಿಳಿಪಿಳಿ ಅಂತ ನಿಂತಿರಲ್ಲ.

ಇವರದ್ದೂ ತಪ್ಪಿದೆ. ಡ್ರಾಯಿಂಗ್ ಸೆಟ್ಟು ನಮ್ಮಂಥ ಇಂಜಿನಿಯರುಗಳಿಗೆ ಚೆನ್ನಾಗಿತ್ತು, ಮೇಸ್ತ್ರಿಗೆ ಅಲ್ಲ, ಅಷ್ಟೊಂದು ನೋಟ್ಸು, ಅದೂ ಅವರಿಗೆ ಬಾರದ ಇಂಗ್ಲಿಷಲ್ಲಿ. ನಾನು ಹಠ ಹಿಡಿದು ಕಂಬಿ ಕಟ್ಟೋ ವಿಧಾನನ ಕೈಯಲ್ಲೇ ದೊಡ್ಡದಾಗಿ ಬಿಡಿಸಿ ಎರಡು ಹಾಳೆ ಮಾಡ್ಕೊಟ್ಟೆ, ಕಂಬಿ ಬಗ್ಗಿಸೋ ಹುಡುಗರು ಗೋಡೆಗೆ ಅಂಟಿಸ್ಕೊಂಡಿದ್ದು ಅದನ್ನೇ. ಇನ್ನೊಂದು, ಡ್ರಾಯಿಂಗ್ ಕೊಟ್ಟಾದ ಮೇಲೆ ದುಡ್ಡು ಕೂಡಿಸೋದು ಸಭೆಯೋರ ಪಾಡು, ಒಂದು ವರ್ಷದ ಮೇಲೆ ಫೈಲು ಸುಮ್ನೆ ಬಿದ್ದಿತ್ತು. ಡ್ರಾಯಿಂಗ್ ನೋಡಿ ಯಾರಿಗೂ ಕಣ್ಣೀರು ಬರಲ್ಲ ನೋಡಿ, ಹಾಗಾಗಿ ದಾನಿಗಳೂ ಬೇಗ ಬರಲ್ಲ.

ನಡುವೆ ಒಂದು ಮಾತು, ಮೊದಲನೇ ಸಂಸ್ಥೆ ಮತ್ತೆ ಮೆಸೇಜ್ ಮಾಡಿತ್ತು, ಈ ಸಲ ಅನಾಥಾಶ್ರಮ ಕಟ್ಟೋಣ ಬನ್ನಿ ಅಂತ. ಬರಲ್ಲ ಅಂದೆ. ಹೈಟಿಯ ಆಶ್ರಮಗಳಲ್ಲಿರೋ ಮಕ್ಕಳಲ್ಲಿ ಸುಮಾರು 80 ಪರ್ಸೆಂಟ್‌ಗೆ ಅಪ್ಪನೋ ಅಮ್ಮನೋ ಒಬ್ಬರಾದ್ರೂ ಬದುಕಿದ್ದಾರೆ, ಬಡತನಕ್ಕೆ ಬಿಟ್ಟಿರೋದು. ವಿಶ್ವಸಂಸ್ಥೆ 2009ರ ಮಾರ್ಗಸೂಚಿಲೇ ಬರೀ ಬಡತನ ಅಂತ ಮಗುನ ಮನೆಯಿಂದ ಬೇರೆ ಮಾಡಬಾರದು ಅಂತಿದೆ. ಕಟ್ಟಡ ಎದ್ದ ಮೇಲೆ ಹಾಸಿಗೆ ತುಂಬಿಸಬೇಕಲ್ಲ, ಆಗ ಮಕ್ಕಳನ್ನ ಹುಡುಕ್ಕೊಂಡು ಹೋಗೋ ಪರಿಸ್ಥಿತಿ ಬರತ್ತೆ. ಅದೇ ದುಡ್ಡಲ್ಲಿ ಆ ಅಮ್ಮಂದಿರ ಮನೆಗೆ ಶೀಟು ಹೊದಿಸಿ ಒಂದು ಕಕ್ಕಸು ಕಟ್ಟೋದಾದ್ರೆ ಹೇಳಿ, ರಜೆ ಹಾಕಿ ಬರ್ತೀನಿ ಅಂದೆ. ಇನ್ನೂ ಉತ್ತರ ಬಂದಿಲ್ಲ.

ಹೋಗೋ ಯೋಚನೆ ಇರೋರು ಫೀಸ್ ಕಟ್ಟೋ ಮುಂಚೆ ಅದರಲ್ಲಿ ಸಿಮೆಂಟು ಕಂಬಿಗೆ ಎಷ್ಟು, ಅಲ್ಲಿನ ಕೂಲಿಯವರಿಗೆ ಎಷ್ಟು ಅಂತ ಬಾಯಿಬಿಟ್ಟು ಕೇಳಿ, ತಡವರಿಸಿದ್ರೆ ಅಲ್ಲೇ ಅರ್ಥ ಮಾಡ್ಕೊಳ್ಳಿ. ವೀಸಾ ಯಾವುದು ಅಂತಾನೂ ಕೇಳಿ, ಟೂರಿಸ್ಟ್ ವೀಸಾದಲ್ಲಿ ಬಿಟ್ಟಿ ಕೆಲ್ಸ ಮಾಡೋದೂ ಸುಮಾರು ದೇಶಗಳಲ್ಲಿ ತಪ್ಪೇ. ಟೆಟನಸ್ ಇಂಜೆಕ್ಷನ್ ಮರೀಬೇಡಿ. ಮುಖ್ಯವಾಗಿ ಸೈಟಲ್ಲಿ ಕೊನೇ ಮಾತು ಯಾರದ್ದು ಅಂತ ಕೇಳಿ, ಅಲ್ಲಿನ ಮೇಸ್ತ್ರಿದೋ ನಿಮ್ಮ ಟೀಮ್ ಲೀಡರ್‌ದೋ.

ಎರಡನೇ ಸಂಸ್ಥೆಗೆ 5ಕ್ಕೆ 4. ಅರ್ಧ ಸ್ಟಾರ್ ಇಂಗ್ಲಿಷ್ ನೋಟ್ಸಿಗೆ ಹೋಯ್ತು, ಇನ್ನರ್ಧ ಆ ಒಂದು ವರ್ಷಕ್ಕೆ. ವಾರ್ಡಿನ ಮೊದಲ ಹಂತ ಈಗ ಮುಗಿದಿದೆ, ಅಲ್ಲಿನ ಮೇಸ್ತ್ರಿ ಹೋದ ತಿಂಗಳು ಫೋಟೋ ಕಳಿಸಿದ್ರು. ಬ್ಯಾಂಡು ಸರಿಯಾಗಿದೆ, ರ‍್ಯಾಂಪು ಸರಿಯಾಗಿದೆ, ಶೀಟಿನ ಸ್ಕ್ರೂಗಳನ್ನ ನೀರು ಹರಿಯೋ ತಗ್ಗಿಗೆ ಹೊಡೀದೆ ಏರಿಗೇ ಹೊಡೆದಿದ್ದಾರೆ, ನೋಡಿ ಖುಷಿಯಾಯ್ತು. ದೊಡ್ಡ ಬಾಗಿಲು ಮಾತ್ರ ನಮ್ಮ ಡ್ರಾಯಿಂಗಲ್ಲಿ ಇದ್ದ ಕಡೆ ಇಲ್ಲ, ಎದುರು ಗೋಡೆಗೆ ಹೋಗಿದೆ. ಯಾಕೆ ಅಂತ ಕೇಳಿದ್ದಕ್ಕೆ, ಗಾಳಿಮಳೆ ಹೊಡೆಯೋದು ಆ ಕಡೆಯಿಂದ, ನೀವು ಬಂದಿದ್ದು ಬೇಸಿಗೆಲಿ ಅಲ್ವಾ, ಅಂದ್ರು.