ರಿಸೆಪ್ಶನ್‌ಗೆ ಕರೆಸಿದ ಇಬ್ಬರ ಬ್ಯಾಂಡ್: ಮೂರೂವರೆ ಸ್ಟಾರ್, ಅದರಲ್ಲಿ ಒಂದೂವರೆ ಮಧ್ಯಾಹ್ನದ ಲೆಕ್ಕದ್ದು

ಶಿವಮೊಗ್ಗ ಸುತ್ತಮುತ್ತ ಮದುವೆ ರಿಸೆಪ್ಶನ್‌ಗೆ ಲೈವ್ ಮ್ಯೂಸಿಕ್ ಹುಡುಕುತ್ತಿರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಊರು ಸಣ್ಣದು, ಹುಡುಗರು ಇನ್ನೂ ಮೂವತ್ತು ದಾಟದವರು, ನಾನು ದೂರುವುದೂ ಇದೆ, ಹೊಗಳುವುದೂ ಇದೆ. ಒಬ್ಬ ಗಿಟಾರ್ ಹಿಡಿದು ಹಾಡುತ್ತಾನೆ, ಇನ್ನೊಬ್ಬನದು ಕೀಬೋರ್ಡ್. ಮೂರು ಗಂಟೆಗೆ ಹದಿನೆಂಟು ಸಾವಿರ, ಎರಡು ಸ್ಪೀಕರ್ ಅವರದೇ, ಐದು ಸಾವಿರ ಅಡ್ವಾನ್ಸ್. ಬೆಂಗಳೂರಿನಿಂದ ಕರೆಸಿದ್ದರೆ ಗಾಡಿ ಬಾಡಿಗೆ, ಲಾಡ್ಜು, ರಾತ್ರಿ ಊಟ ಅಂತ ಇದರ ಎರಡರಷ್ಟು ಕೈ ಬಿಡುತ್ತಿತ್ತು. ರೇಟಿನ ಬಗ್ಗೆ ತಕರಾರಿಲ್ಲ.

ಅಕ್ಕನ ಮಗಳ ಮದುವೆ. ಧಾರೆ ತೀರ್ಥಹಳ್ಳಿ ಕಡೆ ನಮ್ಮೂರಲ್ಲೇ ಆಯಿತು, ರಿಸೆಪ್ಶನ್ ಶಿವಮೊಗ್ಗದ ಒಂದು ಕಲ್ಯಾಣ ಮಂಟಪದಲ್ಲಿ. ಮ್ಯೂಸಿಕ್ ಜವಾಬ್ದಾರಿ ಸೀದಾ ನನ್ನ ತಲೆಗೆ ಬಂತು, ಅದಕ್ಕೆ ಹಳೇ ಕಾರಣವಿದೆ. ಈಗ ಅಡಿಕೆ ತೋಟ ನೋಡಿಕೊಂಡಿದ್ದೇನೆ, ಆದರೆ 2006ರಿಂದ ಆರು ವರ್ಷ ಇದೇ ಶಿವಮೊಗ್ಗದಲ್ಲಿ ರೀಚಾರ್ಜ್ ಅಂಗಡಿ ಇಟ್ಟಿದ್ದೆ. ರೀಚಾರ್ಜ್ ಅಂತ ಬೋರ್ಡು, ಹೊಟ್ಟೆ ತುಂಬಿದ್ದು ಮೆಮೊರಿ ಕಾರ್ಡಿನಿಂದ. ಒಂದು ಜಿಬಿ ಕಾರ್ಡಿಗೆ ಇಷ್ಟು, ಎರಡು ಜಿಬಿಗೆ ಇಷ್ಟು, ಹಾಡು ತುಂಬಿಸಿ ಕೊಡುವುದು. ಕಾನೂನಿನ ಲೆಕ್ಕದಲ್ಲಿ ತಪ್ಪೇ, ಆಗ ಯಾರಿಗೂ ಹಾಗನ್ನಿಸಿರಲಿಲ್ಲ. ಹಾಗಾಗಿ ನಮ್ಮ ಮನೆಯವರ ಪ್ರಕಾರ ಹಾಡಿನ ವಿಷಯದಲ್ಲಿ ನಾನು ಪಂಡಿತ.

ಮದುಮಗಳ ಆಫೀಸಿನ ಸ್ನೇಹಿತೆಯರು ಒಂದು ಪಟ್ಟಿ ಕಳಿಸಿದ್ದರು. ಹುಡುಗ ಹುಡುಗಿ ಬಾಗಿಲಿನಿಂದ ಸ್ಟೇಜಿಗೆ ನಡೆದು ಬರುವಾಗ ಹೊಗೆ ಬಿಡಬೇಕು, ಜೊತೆಗೆ ಇಂಗ್ಲಿಷ್ ಹಾಡುಗಾರ ಜೇಮ್ಸ್ ಬ್ಲಂಟ್‌ನ 'ಯೂ ಆರ್ ಬ್ಯೂಟಿಫುಲ್' ಹಾಡಬೇಕು. ಓದಿ ಒಬ್ಬನೇ ನಕ್ಕೆ. ಅಂಗಡಿ ಶುರು ಮಾಡಿದ ವರ್ಷ ಬಾಯಲ್ಲಿ ಹೆಸರು ತಿರುಗದಿದ್ದರೂ ಬೆರಳು ತೋರಿಸಿ ಹುಡುಗರು ಕೇಳುತ್ತಿದ್ದ ಇಂಗ್ಲಿಷ್ ಹಾಡು ಅದೊಂದೇ. 'ಬ್ಯಾಕ್ ಟು ಬೆಡ್ಲಮ್' ಆಲ್ಬಮ್ಮಿನ ಎರಡನೇ ಹಾಡು. ನನ್ನ ಕಂಪ್ಯೂಟರಿನಲ್ಲಿ ಆ ಫೈಲಿನ ಹೆಸರು 'ಟ್ರ್ಯಾಕ್ 02' ಅಂತಲೇ ಇತ್ತು. ಪಿಯುಸಿ ಹುಡುಗರು ಬಂದು "ಅಣ್ಣಾ, ಟ್ರ್ಯಾಕ್ ಎರಡು ಹಾಕಿ" ಅಂದರೆ ನನಗೆ ಅರ್ಥ ಆಗುತ್ತಿತ್ತು: ಇವನಿಗೆ ಯಾರೋ ಕಣ್ಣಿಗೆ ಬಿದ್ದಿದ್ದಾಳೆ, ಅವಳಿಗೆ ಇವನ್ಯಾರು ಅಂತ ಗೊತ್ತಿಲ್ಲ.

ಹಾಡೂ ಅದೇ ತಾನೇ. ಇದನ್ನು ಮದುವೆಯಲ್ಲಿ ಹಾಡಿಸುವವರು ಒಂದು ಸಲ ಸಾಹಿತ್ಯ ಕೂತು ಓದಬೇಕು ಮಾರಾಯ್ರೆ. ಲಂಡನ್ನಿನ ನೆಲದಡಿ ರೈಲು. ಜನಜಂಗುಳಿಯಲ್ಲಿ ಅವನಿಗೆ ಅವಳು ಕಾಣುತ್ತಾಳೆ, ಪಕ್ಕದಲ್ಲಿ ಬೇರೊಬ್ಬ ಇದ್ದಾನೆ. ಕಣ್ಣಿಗೆ ಕಣ್ಣು ಸಿಗುತ್ತದೆ, ಅಷ್ಟೇ, ಮಾತಿಲ್ಲ. ಬ್ಲಂಟ್‌ಗೆ ನಿಜವಾಗಿ ಆದದ್ದಂತೆ ಅದು. ಹಳೇ ಗೆಳತಿ, ಅವಳ ಹೊಸ ಗೆಳೆಯ, ಒಂದು ನೋಟ. ಮನೆಗೆ ಹೋಗಿ ಬರೆದ. ಹಾಡಿನೊಳಗಿನ ಮನುಷ್ಯನಿಗೆ ನಶೆ ಬೇರೆ ಏರಿದೆ. ಕೊನೆಗೆ ತಾನೇ ಒಪ್ಪಿಕೊಳ್ಳುತ್ತಾನೆ, ಇವಳು ನನಗೆ ಯಾವತ್ತೂ ಸಿಗುವವಳಲ್ಲ ಅಂತ. ಇದು ರೊಮ್ಯಾಂಟಿಕ್ ಹಾಡಲ್ಲ ಅಂತ ಹಾಡಿದವನೇ ಹೇಳಿಕೊಂಡು ತಿರುಗಿದ್ದಾನೆ, ಕೇಳಿದವರಿಲ್ಲ. ಈಗ ರಿಸೆಪ್ಶನ್ ಲೆಕ್ಕ ಹಾಕಿ: ಹಾಡುವವನು ಮದುಮಗಳನ್ನು ದೂರದಿಂದ ನೋಡಿ ಸಂಕಟ ಪಡುತ್ತಿರುವವನು. ನಮ್ಮ ಅಳಿಯ, ಶೇರ್ವಾನಿ ಹಾಕಿಕೊಂಡು ಹೊಗೆಯಲ್ಲಿ ನಡೆದು ಬರುತ್ತಿರುವವನು, ಆ 'ಬೇರೊಬ್ಬ'!

ಅಕ್ಕನಿಗೆ ಇದನ್ನು ಹೇಳಿದೆ. "ಇಂಗ್ಲಿಷ್ ಹಾಡು, ಯಾರಿಗೆ ಗೊತ್ತಾಗತ್ತೆ, ನೀ ಸುಮ್ನಿರು" ಅಂದಳು. ಸುಮ್ಮನಾದೆ.

ಮಧ್ಯಾಹ್ನ ಮೂರೂವರೆಗೆ ಸೌಂಡ್ ಚೆಕ್. ಹೇಳಿದ ಟೈಮಿಗೆ ಐದು ನಿಮಿಷ ಮುಂಚೆ ಬಂದರು, ಅದಕ್ಕೆ ಪೂರ್ತಿ ಅಂಕ. ಹಾಲ್ ಖಾಲಿ. ಹೂವಿನವರು ಏಣಿ ಹತ್ತಿ ಸೇವಂತಿಗೆ ಕಟ್ಟುತ್ತಿದ್ದರು, ಅಡುಗೆಯವರ ಕಡೆಯಿಂದ ಅಪ್ಪೆಹುಳಿಗೆ ಮಾವಿನಕಾಯಿ ಬೇಯುವ ವಾಸನೆ. ಕೀಬೋರ್ಡಿನವನು ವೈರ್ ಎಳೆಯುತ್ತಿದ್ದ. ಗಿಟಾರಿನ ಹುಡುಗ ಸ್ಟೇಜಿನ ಅಂಚಿಗೆ ಕೂತು, ಜೇಬಿನಿಂದ ಕೇಪೋ ತೆಗೆದ. ಬಟ್ಟೆ ಒಣಹಾಕುವ ಕ್ಲಿಪ್ಪಿನ ಅಣ್ಣನ ಹಾಗಿರುತ್ತದಲ್ಲ, ತಂತಿಗಳನ್ನೆಲ್ಲ ಒಟ್ಟಿಗೆ ಅದುಮಿ ಹಿಡಿಯುವಂಥದ್ದು, ಅದು. ತಗೊಂಡು ಹೋಗಿ ಗಿಟಾರಿನ ಕತ್ತಿನ ಎಂಟನೇ ಮನೆಗೆ ಹಾಕಿದ. ಅಷ್ಟು ಮೇಲೆ ಹಾಕಿದರೆ ಕೈ ಆಡಿಸಲು ಗೇಣಿನಷ್ಟೂ ಜಾಗ ಉಳಿಯುವುದಿಲ್ಲ, ದೊಡ್ಡ ಗಿಟಾರು ಮಕ್ಕಳ ಆಟಿಕೆಯ ಹಾಗೆ ಸಣ್ಣಗೆ ಕಿಣಿಕಿಣಿ ಅನ್ನುತ್ತದೆ. ಯಾಕೆ ಅಂತ ಕೇಳಿದೆ. "ಒರಿಜಿನಲ್ ಇ ಫ್ಲ್ಯಾಟ್ ಶ್ರುತಿ ಸಾರ್, ಬೆರಳು ಜಿ ಶೇಪಿನಲ್ಲಿ ಹಿಡಿದು ಇಲ್ಲಿ ನುಡಿಸಿದ್ರೆ ಅದೇ ಶ್ರುತಿ ಬರತ್ತೆ" ಅಂದ.

ಹಾಡಿದ. ಮೈಕಿಲ್ಲ, ರೆಕಾರ್ಡ್ ಮಾಡಿದ ವಾದ್ಯದ ಟ್ರ್ಯಾಕಿಲ್ಲ, ಬರೀ ಆ ಕಿಣಿಕಿಣಿ ಮತ್ತು ಇವನ ಗಂಟಲು. ಬ್ಲಂಟ್‌ದು ಗಂಡು ದನಿಗೆ ಎತ್ತರದ ಹಾಡು, ಮೇಲಿನ ಸ್ವರಕ್ಕೆ ಹೋದಾಗ ದನಿ ಒಡೆದೇ ಬಿಡುತ್ತದೆ ಅನ್ನಿಸಬೇಕು, ಒಡೆಯಬಾರದು. ಈ ಹುಡುಗ ಆ ಅಂಚಿನ ಮೇಲೆ ಸರಿಯಾಗಿ ನಿಂತ. ಏಣಿಯ ಮೇಲಿದ್ದ ಹೂವಿನವನು ದಾರ ಹಲ್ಲಲ್ಲಿ ಕಚ್ಚಿಕೊಂಡು ತಿರುಗಿ ನೋಡಿದ. ನಾನಂತೂ ಆರು ವರ್ಷ ಆ ಫೈಲನ್ನು ಸಾವಿರ ಸಲ ಕಾಪಿ ಮಾಡಿದವನು, ಆವತ್ತು ಮೊದಲನೇ ಸಲ ಕೇಳಿದ ಹಾಗಾಯಿತು. ಮೂರೂವರೆ ಸ್ಟಾರಿನಲ್ಲಿ ಒಂದೂವರೆ ಈ ನಾಲ್ಕು ನಿಮಿಷದ್ದು.

ಸಂಜೆಯ ಕಥೆ ಬೇರೆ.

ಏಳು ಗಂಟೆಗೆ ಮಳೆ. ಊಟದ ಹಾಲಿಗೆ ಶೀಟ್ ಮಾಡು, ಮೇ ತಿಂಗಳ ಗುಡುಗು ಮಳೆ ಅದರ ಮೇಲೆ ಬಿದ್ದರೆ ಪಕ್ಕದವರು ಹೇಳಿದ್ದು ಕೇಳುವುದಿಲ್ಲ. ಅದು ಬ್ಯಾಂಡಿನ ತಪ್ಪಲ್ಲ. ಹೊಗೆ ಬಂತು, ಮದುಮಕ್ಕಳು ಬಾಗಿಲಲ್ಲಿ ನಿಂತರು, ಹಾಡು ಶುರುವಾಯಿತು.

ಗೊತ್ತಿಲ್ಲದವರಿಗೆ: ಈ ಹಾಡಿನ ಆಲ್ಬಮ್ ರೆಕಾರ್ಡಿಂಗಿನಲ್ಲಿ ಒಂದು ಚಮತ್ಕಾರ ಇದೆ. ಗಿಟಾರ್ ನಡೆಯುತ್ತಿರುತ್ತದೆ, ಹಾಡುಗಾರ ಮೊದಲ ಸಾಲನ್ನು ಆತುರಪಟ್ಟು ಮುಂಚೆಯೇ ಹಾಡಿಬಿಡುತ್ತಾನೆ, ತಟ್ಟನೆ ನಿಲ್ಲಿಸುತ್ತಾನೆ. ಗಿಟಾರ್ ಮುಂದುವರಿಯುತ್ತದೆ. ಆಮೇಲೆ ಮತ್ತೆ ಅದೇ ಸಾಲಿನಿಂದ ಶುರು. ಆಗ ಕಾರ್ಡು ವಾಪಸ್ ತಂದು "ಅಣ್ಣಾ ಕಾಪಿ ಸರಿ ಆಗಿಲ್ಲ, ಶುರುವಿನಲ್ಲೇ ಕಟ್ ಆಗ್ತಿದೆ" ಅಂತ ಜಗಳಕ್ಕೆ ನಿಂತವರಿದ್ದಾರೆ. ನಮ್ಮ ಹುಡುಗ ನಿಷ್ಠೆಯಿಂದ ಅದನ್ನೂ ಮಾಡಿದ. ಒಂದು ಸಾಲು ಹಾಡಿದ, ನಿಲ್ಲಿಸಿದ. ಮೊದಲ ಸಾಲಿನಲ್ಲಿ ಕೂತಿದ್ದ ನಮ್ಮ ದೊಡ್ಡ ಮಾವ, ಎಪ್ಪತ್ತೆಂಟು ವರ್ಷ, ಮಳೆಯ ಮೇಲೆ ದನಿ ಎತ್ತಿ, "ಏಯ್, ಮೈಕ್ ಹೋಯ್ತು ನೋಡ್ರೋ!" ಅಂದರು. ಮಂಟಪದ ಎಲೆಕ್ಟ್ರಿಷಿಯನ್ ಓಡಿ ಬಂದು ಮೈಕಿನ ತಲೆ ತಟ್ಟಿದ. ಹುಡುಗ ಎರಡನೇ ಸಲ ಶುರು ಮಾಡುವ ಹೊತ್ತಿಗೆ ಎಲೆಕ್ಟ್ರಿಷಿಯನ್ನಿನ ಕೈ ಅವನ ಬಾಯಿಗೆ ಅಡ್ಡ. ವಿಡಿಯೋದಲ್ಲಿ ಇದೆಲ್ಲ ಇದೆ.

ಇಷ್ಟಕ್ಕೆ ನಾನು ಸ್ಟಾರ್ ಕಳೆಯುವವನಲ್ಲ. ಕಳೆದದ್ದು ಮುಂದಿನದಕ್ಕೆ. ಸಾಲು ಎರಡಕ್ಕೆ ಹೋಗುತ್ತಲೇ ಹಿಂದಿನಿಂದ ಡ್ರಮ್ಸು, ವಯಲಿನ್ನು ಎಲ್ಲ ಬಂತು. ಸ್ಟೇಜಿನ ಮೇಲೆ ಇರುವುದು ಇಬ್ಬರು. ಕೀಬೋರ್ಡಿನವನ ಕೈ ನೋಡಿದೆ, ಬಲಗೈ ಕೀಲಿಗಳ ಮೇಲೆ ಸುಮ್ಮನೆ ಮಲಗಿದೆ, ಎಡಗೈ ವಾಟ್ಸಾಪಿನಲ್ಲಿದೆ. ಲ್ಯಾಪ್‌ಟಾಪಿನಿಂದ ಕರೋಕೆ ಟ್ರ್ಯಾಕ್ ಓಡುತ್ತಿತ್ತು. ಮಾತಾಡುವಾಗ ಪೂರ್ತಿ ಲೈವ್ ಅಂದಿದ್ದರು. ಅದೂ ಹೋಗಲಿ, ಕೇಪೋ ಐದನೇ ಮನೆಗೆ ಇಳಿದಿತ್ತು. ಇ ಫ್ಲ್ಯಾಟಿನ ಹಾಡು ಸಿ ಶ್ರುತಿಗೆ ಬಂದಿದೆ, ಮೂರು ಅರ್ಧಸ್ವರ ಕೆಳಗೆ. ಕೇಳುವವರಿಗೆ ಏನು ವ್ಯತ್ಯಾಸ ಅಂತೀರಾ? ಎಟುಕದ ಕೊಂಬೆಗೆ ಕೈ ಚಾಚಿದಂತಿದ್ದರೆ ತಾನೇ ಆ ಹಾಡು? ಕೊಂಬೆಯನ್ನೇ ಬಗ್ಗಿಸಿ ಕೈಗೆ ಕೊಟ್ಟರೆ ಅದು ಮೊಬೈಲ್ ಕಂಪನಿಯ ಕಾಲರ್ ಟ್ಯೂನ್.

ಆಮೇಲೆ ಕೇಳಿದೆ. ಗಂಟಲು ಹಿಡಿದಿತ್ತು ಸಾರ್, ಮೂರು ದಿನದಲ್ಲಿ ನಾಲ್ಕನೇ ಮದುವೆ ಅಂದ. ಟ್ರ್ಯಾಕ್ ಇಲ್ಲದಿದ್ದರೆ ಜನ 'ಖಾಲಿ ಖಾಲಿ' ಅಂತಾರೆ, ದುಡ್ಡು ಕೊಡುವಾಗ ಚೌಕಾಸಿ ಮಾಡ್ತಾರೆ ಅಂತಲೂ ಅಂದ. ನಿಜವೇ ಇರಬಹುದು. ಆದರೂ ಮೊದಲೇ ಹೇಳಬೇಕಿತ್ತು. ಬುಕ್ ಮಾಡುವವರು 'ಟ್ರ್ಯಾಕ್ ಬೇಡ' ಅಂತ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ, ಬಾಯಿಮಾತು ಸಾಲದು.

ಮಧ್ಯೆ ಒಂದು ಹೇಳಬೇಕು, ಆ ಹಾಡನ್ನು ಸುಮ್ಮನೆ ಸಿಹಿ ಹಾಡು ಅಂತ ಬದಿಗೆ ಸರಿಸುವವರು ಇದ್ದಾರೆ, ಇಂಗ್ಲೆಂಡಿನಲ್ಲೇ ಇದ್ದಾರೆ. 2005ರ ಜುಲೈನಿಂದ ಅಲ್ಲಿ ಐದು ವಾರ ಮೊದಲ ಸ್ಥಾನದಲ್ಲಿ ಕೂತಿತ್ತು, ಮುಂದಿನ ಮಾರ್ಚಿನಲ್ಲಿ ಅಮೆರಿಕದಲ್ಲೂ ಒಂದು ವಾರ. 1997ರಲ್ಲಿ ಎಲ್ಟನ್ ಜಾನ್ ಆದಮೇಲೆ ಅಲ್ಲಿ ಮೊದಲ ಸ್ಥಾನಕ್ಕೆ ಹೋದ ಮೊದಲ ಬ್ರಿಟಿಷ್ ಹಾಡುಗಾರ ಇವನೇ. ಆ ದಶಕದಲ್ಲಿ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಿದ ಆಲ್ಬಮ್ ಇವನದು. ಅಷ್ಟು ಕೇಳಿದರೆ ಪಾಯಸವೂ ಕಹಿಯೇ. ಆದರೆ ಅದೇ ಆಲ್ಬಮ್ಮಿನ ಹತ್ತನೇ ಹಾಡು 'ನೋ ಬ್ರೇವರಿ' ಕೇಳಿ, ಯುದ್ಧದಲ್ಲಿ ನಲುಗಿದ ಕೊಸೊವೊದಲ್ಲಿ ಬರೆದದ್ದು. ಬ್ಲಂಟ್ ಹಾಡುಗಾರನಾಗುವ ಮುಂಚೆ ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿ, 1999ರಲ್ಲಿ ಅಲ್ಲಿಗೆ ಗಿಟಾರ್ ಜೊತೆಗೇ ಹೋಗಿದ್ದ. ಎರಡನೇ ಹಾಡಿನ ವಿಡಿಯೋ ನೋಡಿದರೂ ಗೊತ್ತಾಗುತ್ತದೆ. ಹಿಮ ಬೀಳುತ್ತಿದೆ, ಅಂಗಿ ಬಿಚ್ಚುತ್ತಾನೆ, ಶೂ ಬಿಚ್ಚುತ್ತಾನೆ, ಜೇಬಲ್ಲಿದ್ದದ್ದನ್ನೆಲ್ಲ ತೆಗೆದು ನೆಲದ ಮೇಲೆ ಸಾಲಾಗಿ ಇಡುತ್ತಾನೆ, ಕೊನೆಗೆ ಬಂಡೆಯಿಂದ ಸಮುದ್ರಕ್ಕೆ ಹಾರುತ್ತಾನೆ. ಹೆಬ್ಬೆರಳಗಲದ ನೋಕಿಯಾ ಪರದೆಯಲ್ಲಿ ಅದನ್ನು ನೋಡಿದ ಹುಡುಗರು "ಯಾಕಣ್ಣ ಹಾರ್ತಾನೆ?" ಅಂತ ಕೇಳುತ್ತಿದ್ದರು. ಮುಂದಿನ ಗಿರಾಕಿ ಬಾ ಅನ್ನುತ್ತಿದ್ದೆ.

ಮಿಕ್ಕ ಸೇವೆ ಚೆನ್ನಾಗಿತ್ತು. ಎಂಟೂವರೆ ಮೇಲೆ ಭಾವಗೀತೆಗೆ ಇಳಿದರು, ಶಿವಮೊಗ್ಗ ಸುಬ್ಬಣ್ಣನವರ ಧಾಟಿ ಹಿಡಿದು ಹಾಡಿದ ಎರಡು ಹಾಡಿಗೆ ಟ್ರ್ಯಾಕ್ ಇರಲಿಲ್ಲ, ಕೀಬೋರ್ಡಿನವನೂ ಫೋನ್ ಕೆಳಗಿಟ್ಟ. ದೊಡ್ಡ ಮಾವ ತೊಡೆ ತಟ್ಟಿದರು. ಸೌಂಡು ಹಿತವಾಗಿತ್ತು, ಎದೆ ಗುದ್ದುವ ಬೇಸ್ ಇಲ್ಲ, ಪಂಕ್ತಿಯಲ್ಲಿ ಮಾತಾಡಬಹುದಿತ್ತು. ಫರ್ಮಾಯಿಶಿ ಚೀಟಿ ಬಂದಾಗ ಮುಖ ಸಿಂಡರಿಸಲಿಲ್ಲ. ಟೈಮ್ ಮೀರಿ ಇಪ್ಪತ್ತು ನಿಮಿಷ ಹಾಡಿದರು, ಹೆಚ್ಚಿಗೆ ಕೇಳಲಿಲ್ಲ. ಬಾಕಿ ಹದಿಮೂರು ಸಾವಿರ ಅಲ್ಲೇ ಕೊಟ್ಟೆ, ಕತ್ತರಿಸಲಿಲ್ಲ.

ಐಸ್‌ಕ್ರೀಮ್ ಕೌಂಟರಿನ ಹತ್ತಿರ ಒಬ್ಬ ಬಂದು ಭುಜ ಮುಟ್ಟಿದ. ಗಂಡಿನ ಕಡೆಯ ದೂರದ ನೆಂಟ, ಹೊಟ್ಟೆ ಬಂದಿದೆ, ತಲೆ ಖಾಲಿ, ಎರಡೂ ಕೈಯಲ್ಲಿ ಎರಡು ಮಕ್ಕಳು. "ನೀವು ಹಾಡು ಹಾಕಿಕೊಡ್ತಿದ್ರಲ್ವಾ?" ಅಂದ. ಗುರುತು ಸಿಗಲಿಲ್ಲ. "ಕಾಲೇಜಿಗೆ ಭದ್ರಾವತಿಯಿಂದ ಬರ್ತಿದ್ದೆ. ನೀವು ಒಂದೇ ಹಾಡು ಹನ್ನೆರಡು ಸಲ ಕಾಪಿ ಮಾಡಿಕೊಟ್ಟಿದ್ರಿ, ಬೇರೆ ಹಾಡು ಬರ್ಲೇಬಾರದು ಅಂತ ಹೇಳಿ ಮಾಡಿಸಿದ್ದೆ." ಆಗ ನೆನಪಾಯಿತು. ಹನ್ನೆರಡು ಸಲ ಕಾಪಿ ಮಾಡಿಸಿದವನು ಒಬ್ಬನೇ. ಒಂದು ಹಾಡಿನ ದುಡ್ಡು ತಗೊಂಡು ನಾನೂ ನಕ್ಕಿದ್ದೆ.

"ಟ್ರ್ಯಾಕ್ ಎರಡು" ಅಂದೆ.

"ಹೂಂ. ಇವನು ಸ್ವಲ್ಪ ಕೆಳಗೆ ಹಾಡಿದ ಅಲ್ವಾ?" ಅಂದ. ಇಡೀ ಹಾಲಿನಲ್ಲಿ ಅದನ್ನು ಗಮನಿಸಿದವನು ಅವನೊಬ್ಬ. ಇನ್ನೇನೋ ಕೇಳೋಣ ಅಂದುಕೊಂಡೆ. ಅಷ್ಟರಲ್ಲಿ ಸಣ್ಣವಳು ಪಿಸ್ತಾ ಬೇಕು, ಬಟರ್‌ಸ್ಕಾಚ್ ಬೇಡ ಅಂತ ಅಳು ತೆಗೆದಳು. ಅವನು ಕೌಂಟರಿನತ್ತ ಬಗ್ಗಿ ಪಿಸ್ತಾ ಇನ್ನೂ ಇದೆಯಾ ಅಂತ ಕೇಳತೊಡಗಿದ.