ಮುಟ್ಟು ನಿಂತ ಮೇಲೆ ಭಾರ ಎತ್ತುವ ತರಗತಿ

ಹಾಸನದಲ್ಲಿ ನಮ್ಮ ಬಡಾವಣೆಯ ಮಹಿಳಾ ವ್ಯಾಯಾಮ ಕೇಂದ್ರಕ್ಕೆ ನಾನು ಆರು ತಿಂಗಳಿನಿಂದ ಹೋಗುತ್ತಿದ್ದೇನೆ. ನನಗೀಗ 51 ವರ್ಷ, ಮುಟ್ಟು ನಿಂತು ಎರಡು ವರ್ಷವಾಯಿತು. ಬಹುಕಾಲದಿಂದ ಮಹಾರಾಜ ಪಾರ್ಕಿನಲ್ಲಿ ನಡೆಯುತ್ತಿದ್ದ ನಾನು ಬೇರೆ ವ್ಯಾಯಾಮವೇ ಬೇಡವೆಂದು ನಂಬಿದ್ದೆ. ನಡಿಗೆಯಿಂದ ಹೃದಯಕ್ಕೆ ಒಳ್ಳೆಯದಾಗುತ್ತದೆ, ಅದನ್ನು ನಾನು ಬಿಟ್ಟಿಲ್ಲ. ಆದರೆ ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜೆನ್ ಇಳಿದಾಗ ಮೂಳೆ ಕಟ್ಟಿಕೊಳ್ಳುವುದಕ್ಕಿಂತ ಬೇಗ ಸವೆಯುತ್ತದೆ, ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ಈ ಸವೆತ ಹೆಚ್ಚು. ಅದನ್ನು ತಡೆಯಲು ಸ್ನಾಯು ಮತ್ತು ಮೂಳೆಗಳ ಮೇಲೆ ಭಾರ ಬೀಳಬೇಕು ಎಂಬುದು ಈ ತರಗತಿಯಲ್ಲಿ ನನಗೆ ಮನದಟ್ಟಾಯಿತು. ವಿಶ್ವ ಆರೋಗ್ಯ ಸಂಸ್ಥೆಯೂ ವಾರಕ್ಕೆ 150 ನಿಮಿಷಗಳ ಮಧ್ಯಮ ವ್ಯಾಯಾಮದ ಜೊತೆಗೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆನ್ನುತ್ತದೆ.

ಮೊದಲ ದಿನ ತರಬೇತುದಾರರು ರಕ್ತದೊತ್ತಡ, ಮಂಡಿನೋವು, ಹಿಂದೆ ಮೂಳೆ ಮುರಿದಿತ್ತೇ ಎಂಬುದನ್ನೆಲ್ಲ ಕೇಳಿ ಬರೆದುಕೊಂಡು, ಕುರ್ಚಿಯೊಂದನ್ನು ತಂದಿಟ್ಟು, ಎರಡೂ ಕೈಗಳನ್ನು ಎದೆಗೆ ಅಡ್ಡವಾಗಿಟ್ಟುಕೊಂಡು ಏಳಿ ಕೂರಿ ಎಂದರು. ಎಂಟನೆಯ ಸಲಕ್ಕೆ ನನ್ನ ತೊಡೆಗಳು ನಡುಗಿದವು. ಈಗ 10 ಕಿಲೋ ಅಕ್ಕಿ ಚೀಲವನ್ನು ನೆಲದಿಂದ ಎತ್ತುತ್ತೇನೆ. ಅದಕ್ಕೆ ಕಾರಣ, ಮೂರು ವಾರ ಬರಿಗೈಯಲ್ಲೇ ಅಭ್ಯಾಸ ಮಾಡಿಸಿ, "ಅಕ್ಕ, ಸೊಂಟ ಹಿಂದಕ್ಕೆ ತಳ್ಳಿ, ಬೆನ್ನು ಬಾಗಬಾರದು" ಎಂದು ಪ್ರತಿ ಸಲವೂ ಪಕ್ಕದಲ್ಲಿ ನಿಂತು ತಿದ್ದಿದ ಅವರ ತಾಳ್ಮೆ. ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸವನ್ನೂ ಬಿಡದೆ ಮಾಡಿಸುತ್ತಾರೆ. ಸಮತೋಲನ ಸುಧಾರಿಸಿದರೆ ಬೀಳುವ ಅಪಾಯ ತಗ್ಗುತ್ತದೆ, ಮೂಳೆ ಸವೆದವರಿಗೆ ಬೀಳುವುದೇ ದೊಡ್ಡ ಭಯವಲ್ಲವೇ.

ಎರಡು ವಿಷಯಗಳು ನನಗೆ ಸರಿಕಾಣಲಿಲ್ಲ. ಬಾಗಿಲ ಬಳಿಯ ಫಲಕದಲ್ಲಿ, ಮುಟ್ಟು ನಿಲ್ಲುವ ಹೊತ್ತಿಗೆ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವುದು ಒಂದೇ ತಿಂಗಳಲ್ಲಿ ನಿಲ್ಲುತ್ತದೆಂದು ಬರೆದಿದ್ದಾರೆ. ನನಗೆ ನಿದ್ದೆ ಚೆನ್ನಾಯಿತು, ಮನಸ್ಸು ಹಗುರವಾಯಿತು, ಆದರೆ ರಾತ್ರಿ ಬೆವರುವುದು ನಿಂತಿಲ್ಲ. ವ್ಯಾಯಾಮದಿಂದ ಅದು ನಿಂತೇ ನಿಲ್ಲುತ್ತದೆಂದು ಹೇಳಲು ಗಟ್ಟಿ ಆಧಾರವೂ ಇಲ್ಲ. ಇನ್ನೊಂದು, ಜಿಗಿಯುವಾಗ ಮೂತ್ರ ಜಾರುವ ತೊಂದರೆಯಿರುವ ಹೆಂಗಸರು ನಮ್ಮಲ್ಲಿ ಹಲವರಿದ್ದಾರೆ, ಅವರು ಬಾಯಿಬಿಟ್ಟು ಹೇಳುವುದಿಲ್ಲ. ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ಬಿಗಿದು ಸಡಿಲಿಸುವ ಕೆಗೆಲ್ ವ್ಯಾಯಾಮವನ್ನು ಮೊದಲು ಕಲಿಸದೆ ಎಲ್ಲರನ್ನೂ ಒಟ್ಟಿಗೆ ಜಿಗಿಸುವುದು ತಪ್ಪು. ನಾನು ಇದನ್ನು ಹೇಳಿದ ಮೇಲೆ ಜಿಗಿತದ ಬದಲು ಮೆಟ್ಟಿಲು ಹತ್ತಿಸುತ್ತಿದ್ದಾರೆ, ಕೆಗೆಲ್ ಮಾತ್ರ ಇನ್ನೂ ಶುರುವಾಗಿಲ್ಲ.

ತಿಂಗಳಿಗೆ 1,200 ರೂಪಾಯಿ ಶುಲ್ಕ. ಬೆಳಗಿನ ಹೊತ್ತು ಅಡುಗೆಮನೆ ಬಿಟ್ಟು ಹೊರಡಲಾಗದವರಿಗೆ ಸಂಜೆ 4 ಗಂಟೆಯ ತರಗತಿ ಅನುಕೂಲ, ಆಗ ಜನವೂ ಕಡಿಮೆ. ಮೂಳೆ ಸವೆತವಿದೆಯೆಂದು ತಿಳಿದಿರುವವರು ವೈದ್ಯರನ್ನು ಕೇಳಿ, ಅವರ ಚೀಟಿ ಹಿಡಿದೇ ಬನ್ನಿ.