ಸಾಣೆಗೆ ಹಾಲುನೀರೋ, ತಣ್ಣನೆ ಗಾಳಿಯೋ, ಹೊಂಗೆ ಎಣ್ಣೆಯೋ?

ಶಿವಮೊಗ್ಗದ ನಮ್ಮ ಸಣ್ಣ ಸಾಣೆ ಶೆಡ್ಡಿಗೆ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಕಡೆಯಿಂದ ಮೊಂಡಾದ ಡ್ರಿಲ್, ಎಂಡ್ ಮಿಲ್ (ತಿರುಗುತ್ತಾ ಲೋಹ ಕೆತ್ತುವ ಉಪಕರಣ) ಬರುತ್ತವೆ. ಮರದ ಮಿಲ್ಲಿನವರು ರಂದಾ ಬ್ಲೇಡ್ ತರುತ್ತಾರೆ. ಇಷ್ಟು ವರ್ಷ ಎಲ್ಲದಕ್ಕೂ ಒಂದೇ ಮದ್ದು: ನೀರಿಗೆ ಶೇ 5ರಷ್ಟು ಎಣ್ಣೆ ಬೆರೆಸಿದ, ಹಾಲಿನಂಥ ಕೂಲೆಂಟ್. ತಂಪು ಮಾಡುವುದರಲ್ಲಿ ಅದನ್ನು ಮೀರಿಸಿದ್ದು ನಾನು ಕಂಡಿಲ್ಲ. ಆದರೆ ನಾಲ್ಕು ದಿನ ಮೆಷಿನ್ ನಿಂತರೆ ಟ್ಯಾಂಕು ಗಬ್ಬು ನಾರುತ್ತದೆ. ಬೆರಳ ಸಂದಿಯಲ್ಲೆಲ್ಲ ತುರಿಕೆ. ಕಾರ್ಬೈಡ್ (ಉಕ್ಕಿಗಿಂತ ಗಟ್ಟಿಯಾದ ಉಪಕರಣ ವಸ್ತು) ಉಜ್ಜಿದರೆ ಅದರೊಳಗಿನ ಕೋಬಾಲ್ಟ್ ಲೋಹ ಕೂಡ ನೀರಿಗೆ ಸೇರುತ್ತದೆ. ಚರಂಡಿಗೆ ಚೆಲ್ಲಿದರೆ ಕೊನೆಗೆ ಹೋಗುವುದು ತುಂಗೆಗೇ ಅಲ್ವಾ?

ಹಾಗಾಗಿ ಮೊದಲು ವೋರ್ಟೆಕ್ಸ್ ಟ್ಯೂಬ್ ತಂದೆ. ಕಂಪ್ರೆಸರ್ ಗಾಳಿ ಕೊಳವೆಯೊಳಗೆ ಗಿರಗಿರ ಸುತ್ತಿ, ಒಂದು ತುದಿಯಲ್ಲಿ ಬಿಸಿ, ಇನ್ನೊಂದರಲ್ಲಿ ಕೊರೆಯುವ ತಂಪು. ತಿರುಗುವ ಭಾಗವೇ ಇಲ್ಲ. ಬೇಸಿಗೆಯಲ್ಲಿ ಖುಷಿಯಾಯಿತು. ಆಷಾಢ ಬಂತು ನೋಡಿ, ನಮ್ಮ ಒದ್ದೆ ಗಾಳಿಗೆ ಅದರ ಬಾಯಲ್ಲೇ ಮಂಜುಗಡ್ಡೆ! ಗಾಳಿಯ ತೇವ ತೆಗೆಯುವ ಡ್ರೈಯರ್ ಇಲ್ಲದೆ ಮಲೆನಾಡಿನಲ್ಲಿ ಅದು ಸುಮ್ನೆ ದುಡ್ಡು ದಂಡ. ಕಂಪ್ರೆಸರ್ ಬಿಡುವಿಲ್ಲದೆ ಓಡುವುದರಿಂದ ಕರೆಂಟ್ ಬಿಲ್ಲೂ ಜಾಸ್ತಿ. ಇನ್ನೊಂದು ವಿಷಯ, ಗಾಳಿ ತಂಪು ಮಾಡುತ್ತದೆ, ಜಾರಿಕೆ ಕೊಡುವುದಿಲ್ಲ. ಸ್ವಲ್ಪ ಒತ್ತಿ ಹಿಡಿದರೆ ಹೈಸ್ಪೀಡ್ ಸ್ಟೀಲ್ (ಉಪಕರಣಕ್ಕೆ ಬಳಸುವ ಗಟ್ಟಿ ಉಕ್ಕು) ಡ್ರಿಲ್ಲಿನ ಅಂಚು ಕಾದು ನೀಲಿಗಟ್ಟುತ್ತಿತ್ತು.

ಆಮೇಲೆ ಎಂಕ್ಯೂಎಲ್, ಅಂದರೆ ತೀರಾ ಕಡಿಮೆ ಎಣ್ಣೆಯಲ್ಲಿ ಜಾರಿಕೆ ಕೊಡುವ ವಿಧಾನ. ಗಾಳಿಯ ಜೊತೆ ಎಣ್ಣೆಯನ್ನು ಮಂಜಿನಂತೆ ಚಿಮ್ಮಿಸುವುದು, ಗಂಟೆಗೆ 50 ಮಿಲಿ ಸಾಕು. ಮೊದಲು ಕೊಬ್ಬರಿ ಎಣ್ಣೆ ಹಾಕಿದೆ. ಘಮ ಚೆನ್ನ, ಬೇಗ ಅಂಟುಗಟ್ಟುವುದೂ ಇಲ್ಲ. ಆದರೆ 24 ಡಿಗ್ರಿ ಹತ್ತಿರ ಅದು ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ನಳಿಕೆ ಬಂದ್! ತಲೆಗೆ ಹಚ್ಚುವ ಬಾಟಲಿ ದಿನಾ ನೋಡಿಯೂ ನನಗೆ ಹೊಳೆಯಲಿಲ್ಲ.

ಹೊಂಗೆ ಎಣ್ಣೆಗೆ ಆ ತಾಪತ್ರಯ ಇರಲಿಲ್ಲ. ಅಂಚು ನೀಲಿಗಟ್ಟುವುದು ನಿಂತಿತು, ಆದರೆ ತೆಳ್ಳಗೆ ತೆಳ್ಳಗೆ ತೆಗೆದರೆ ಮಾತ್ರ. ಉಕ್ಕಿನ ಪುಡಿ ಎಣ್ಣೆಗೆ ಬೆರೆತು ಸಾಣೆ ಚಕ್ರದ ರಂಧ್ರಗಳಿಗೆ ಮೆತ್ತಿಕೊಳ್ಳುತ್ತಿತ್ತು. ಚಕ್ರಕ್ಕೆ ನೇರ ಗಾಳಿ ಊದುವ ಇನ್ನೊಂದು ನಳಿಕೆ ಇಟ್ಟ ಮೇಲೆ ಅದರ ಮೈ ಕೆರೆದು ಚೊಕ್ಕ ಮಾಡುವ ಡ್ರೆಸ್ಸಿಂಗ್ ಕೆಲಸ ಕಡಿಮೆಯಾಯಿತು. ಸಂಜೆ ಮೆಷಿನ್ ಬೆಡ್ ಒರೆಸದಿದ್ದರೆ ಮಾತ್ರ ಅಂಟೋ ಅಂಟು. ಮಾಸ್ಕ್ ಬೇಕೇ ಬೇಕು. ಗಿಡದ ಎಣ್ಣೆಯಾದರೂ ಆ ಮಂಜು ಎದೆಗೆ ಒಳ್ಳೆಯದಲ್ಲ.

ಈಗ ಹೈಸ್ಪೀಡ್ ಸ್ಟೀಲ್‌ಗೆ ಹೊಂಗೆ, ಕಾರ್ಬೈಡ್‌ಗೆ ಎಡೆಬಿಡದೆ ಸುರಿಯುವ ಹಳೆಯ ಹಾಲುನೀರೇ. ಕಾದ ಕಾರ್ಬೈಡ್ ಮೇಲೆ ತಂಪು ಬಿಟ್ಟು ಬಿಟ್ಟು ಬಿದ್ದರೆ ಕೂದಲೆಳೆ ಬಿರುಕು ಬರುತ್ತದೆ. ಆ ರಿಸ್ಕ್ ಗಿರಾಕಿಯ ಮಾಲಿನ ಮೇಲೆ ಬೇಡ. ರಂದಾ ಬ್ಲೇಡಿನವರು ಮಾತ್ರ ಹೊಂಗೆ ವಾಸನೆಗೆ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಲ್ಲುತ್ತಾರೆ.